ಮಾಲೀಕನಿಲ್ಲದವರ ಯೂನಿಯನ್



ಕಾಲೇಜು ಸೇರುವಾಗ ನೀವೆಲ್ಲ ಅರ್ಜಿ ತುಂಬಿರುತ್ತೀರಿ. ಅದರಲ್ಲಿ 'ತಾಯಿಯ ಉದ್ಯೋಗ' ಎಂಬಲ್ಲಿ ಏನು ಬರೆದಿರಿ? ಮಂಗಳೂರಿನಲ್ಲಿ ಬಿ.ಎ.ಗೆ ಸೇರಿದಾಗ ನಾನು 'ಇಲ್ಲ' ಎಂದು ಬರೆದಿದ್ದೆ. ಆಗ ಫೀಸಿಗೆಂದು ನನ್ನ ಕೈಯಲ್ಲಿದ್ದ ಹಣ ಅಮ್ಮ ಬೀಡಿ ಕಟ್ಟಿ ಗಳಿಸಿದ್ದು!

ಮನೆಕೆಲಸ ಮುಗಿಸಿ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕುಳಿತರೆ ಅಮ್ಮನ ಬೆರಳುಗಳು ನಿಲ್ಲುತ್ತಲೇ ಇರಲಿಲ್ಲ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಕಟ್ಟಿ, ಮರುದಿನ ಬೀಡಿ ಬ್ರಾಂಚಿಗೆ ಒಯ್ಯುತ್ತಿದ್ದಳು. ಅಲ್ಲಿ ಒಂದಿಷ್ಟು ಬೀಡಿಯನ್ನು 'ಸರಿಯಿಲ್ಲ' ಎಂದು ಬದಿಗೆ ತಳ್ಳುತ್ತಿದ್ದರು. ಅದಕ್ಕೆ ದುಡ್ಡೂ ಇಲ್ಲ, ಬೀಡಿಯೂ ವಾಪಸ್ಸಿಲ್ಲ. "ಕೇಳಬಾರದೇ ಅಮ್ಮ?" ಎಂದರೆ, "ನಾನೊಬ್ಬಳೇ ಏನು ಕೇಳುವುದು?" ಎನ್ನುತ್ತಿದ್ದಳು.

ಇದೇ ಪ್ರಶ್ನೆ ಎದುರಿಗೆ ಬಂದಾಗ ಗುಜರಾತಿನ ಅಹಮದಾಬಾದ್ ನಗರದ ಹೆಂಗಸರು ಏನು ಮಾಡಿದರು ಎಂಬುದನ್ನು ನಿಮಗೆ ಹೇಳಬೇಕೆಂದು ಈ ಲೇಖನ.

ಅಹಮದಾಬಾದ್ ಬಟ್ಟೆ ಗಿರಣಿಗಳ ಊರು. ಅಲ್ಲಿನ ಶ್ರೀಮಂತ ಗಿರಣಿ ಮಾಲೀಕರ ಮನೆಯ ಮಗಳು ಅನಸೂಯಾ ಸಾರಾಭಾಯಿ. ಒಂದು ದಿನ ಕೆಲವು ಕಾರ್ಮಿಕ ಹೆಂಗಸರು ಜೀವವೇ ಇಲ್ಲದವರಂತೆ ನಡೆದುಹೋಗುವುದನ್ನು ಕಂಡು ವಿಚಾರಿಸಿದರು. ಅವರು 36 ಗಂಟೆ ಬಿಡುವಿಲ್ಲದೆ ದುಡಿದು ಮನೆಗೆ ಮರಳುತ್ತಿದ್ದರಂತೆ! ಅಂದಿನಿಂದ ಅನಸೂಯಾ ಕಾರ್ಮಿಕರ ಪಕ್ಷ ಹಿಡಿದರು. 1918ರ ಪ್ರಸಿದ್ಧ ಮುಷ್ಕರದಲ್ಲಿ ಗಾಂಧೀಜಿಯೊಂದಿಗೆ ನಿಂತು, ಮಾಲೀಕರ ಪರವಾಗಿದ್ದ ಸ್ವಂತ ಸಹೋದರ ಅಂಬಾಲಾಲರನ್ನೇ ಎದುರು ಹಾಕಿಕೊಂಡರು. ಕೊನೆಗೆ ಕಾರ್ಮಿಕರು ಕೇಳಿದ್ದ ಶೇ. 35ರ ವೇತನ ಹೆಚ್ಚಳ ದೊರೆಯಿತು. 1920ರಲ್ಲಿ 'ಮಜೂರ್ ಮಹಾಜನ್' ಎಂಬ ಕಾರ್ಮಿಕ ಸಂಘ ಹುಟ್ಟಿತು.

ಒಬ್ಬ ಹೆಣ್ಣುಮಗಳು ಕಟ್ಟಿ ಬೆಳೆಸಿದ ಸಂಘವದು. ಆದರೆ ಕಾಲಕ್ರಮೇಣ ಗಿರಣಿಗಳಲ್ಲಿ ಹೆಂಗಸರ ಸಂಖ್ಯೆ ಇಳಿಯುತ್ತಾ ಬಂತು. ಹೊರಗೆ ಉಳಿದವರು ತಲೆಹೊರೆ ಹೊತ್ತರು, ಕೈಗಾಡಿ ಎಳೆದರು, ಹಳೆ ಬಟ್ಟೆ ಮಾರಿದರು, ಮನೆಯಲ್ಲೇ ಹೊಲಿದರು, ಬೀಡಿ ಕಟ್ಟಿದರು. 1954ರಲ್ಲಿ ಸಂಘವು ಮಹಿಳಾ ವಿಭಾಗ ತೆರೆದು ಗಿರಣಿ ಕಾರ್ಮಿಕರ ಹೆಂಡತಿ, ಹೆಣ್ಣುಮಕ್ಕಳಿಗೆ ಹೊಲಿಗೆ ಮೊದಲಾದವನ್ನು ಕಲಿಸಿತು ನಿಜ. ಆದರೆ ಅವರನ್ನು 'ಕಾರ್ಮಿಕರ ಮನೆಯವರು' ಎಂದು ನೋಡಿತೇ ಹೊರತು, ಅವರೂ ಕಾರ್ಮಿಕರು ಎಂದಲ್ಲ.

ಮುಂದೆ ಆ ವಿಭಾಗದ ಹೊಣೆ ಹೊತ್ತವರು ಇಳಾ ಭಟ್, ಕಾನೂನು ಓದಿದ್ದ ಹೆಣ್ಣುಮಗಳು. ಬಟ್ಟೆ ಮಾರುಕಟ್ಟೆಯಲ್ಲಿ ಹೊರೆ ಹೊರುವ ಹೆಂಗಸರು ತಮಗೆ ಸಿಗುವ ಪುಡಿಗಾಸಿನ ಕೂಲಿಯ ಬಗ್ಗೆ ಅವರಲ್ಲಿ ದೂರಿದರು. ಇಳಾ ಅದನ್ನು ಪತ್ರಿಕೆಯಲ್ಲಿ ಬರೆದರು. ವ್ಯಾಪಾರಿಗಳು ಬಿಡುತ್ತಾರೆಯೇ? ತಾವು ಸರಿಯಾದ ಕೂಲಿಯನ್ನೇ ಕೊಡುತ್ತಿದ್ದೇವೆ ಎಂದು ಅವರೂ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಆಗ ಇಳಾ ಮಾಡಿದ ಜಾಣತನ ನೋಡಿ. ವ್ಯಾಪಾರಿಗಳ ಆ ಹೇಳಿಕೆಯನ್ನೇ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಹೆಂಗಸರಿಗೆ ಹಂಚಿಸಿದರು! ಇನ್ನು ಕಡಿಮೆ ಕೊಡಲು ಬಂದರೆ ಕಾರ್ಡು ತೋರಿಸಿ ಕೇಳಬಹುದಿತ್ತು.

1971ರ ಡಿಸೆಂಬರಿನಲ್ಲಿ ಸಭೆ ಸೇರಿದ ಈ ಹೆಂಗಸರು ತಮ್ಮದೇ ಒಂದು ಸಂಘ ಬೇಕೆಂದರು. ಅದೇ 'ಸೇವಾ', ಅಂದರೆ ಸ್ವಯಂ ಉದ್ಯೋಗಿ ಮಹಿಳೆಯರ ಸಂಘ. ಆದರೆ ನೋಂದಣಿಗೆ ಹೋದಾಗ ಕಾರ್ಮಿಕ ಇಲಾಖೆ ಒಪ್ಪಲಿಲ್ಲ. "ನಿಮಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಹೋರಾಡುತ್ತೀರಿ?" ಎಂಬುದು ಇಲಾಖೆಯ ವಾದದ ಸಾರ. ಯೂನಿಯನ್ ಇರುವುದು ಯಾರದೋ ವಿರುದ್ಧ ಎಂದಲ್ಲ, ದುಡಿಯುವವರು ಒಂದಾಗುವುದಕ್ಕೆ ಎಂದು ಹೆಂಗಸರು ವಾದಿಸಿದರು. 1972ರ ಏಪ್ರಿಲ್‌ನಲ್ಲಿ ನೋಂದಣಿ ಆಯಿತು.

ಎರಡು ವರ್ಷದಲ್ಲಿ, ತಲಾ ಹತ್ತು ರೂಪಾಯಿಯಂತೆ 4000 ಹೆಂಗಸರು ಬಂಡವಾಳ ಹಾಕಿ ಸ್ವಂತ ಸಹಕಾರಿ ಬ್ಯಾಂಕನ್ನೂ ತೆರೆದರು. ಸಹಿ ಬಾರದವರು ಬಹಳ ಮಂದಿ ಇದ್ದರು. ಅವರ ಗುರುತಿಗೆ ಪಾಸ್‌ಬುಕ್ಕಿನಲ್ಲಿ ಫೋಟೋ ಅಂಟಿಸಿದರು. ಬಡ್ಡಿ ವ್ಯಾಪಾರಿಯ ಮನೆಬಾಗಿಲಲ್ಲಿ ನಿಲ್ಲುತ್ತಿದ್ದವರು ಬ್ಯಾಂಕಿನ ಒಡತಿಯರಾದರು.

ಎಲ್ಲವೂ ಸುಖಾಂತವೆಂದು ತಿಳಿಯಬೇಡಿ. 1981ರ ಮೀಸಲಾತಿ ವಿರೋಧಿ ಗಲಭೆಯಲ್ಲಿ ಇಳಾ ದಲಿತರ ಪರವಾಗಿ ಮಾತನಾಡಿದಾಗ, ಮಜೂರ್ ಮಹಾಜನ್ 'ಸೇವಾ'ವನ್ನು ಹೊರಹಾಕಿತು. ತವರಿನಿಂದ ಹೊರಬಿದ್ದ ಮಗಳು ಸ್ವಂತ ಕಾಲ ಮೇಲೆ ನಿಂತಳು. ಇಂದು ಅದರ ಸದಸ್ಯೆಯರು 20 ಲಕ್ಷಕ್ಕೂ ಹೆಚ್ಚು. ಮನೆಯಲ್ಲಿ ಕುಳಿತು ಕೂಲಿಗೆ ದುಡಿಯುವವರೂ ಕಾರ್ಮಿಕರೇ ಎಂಬ ಒಪ್ಪಂದವನ್ನು 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಂಗೀಕರಿಸಿದ್ದರ ಹಿಂದೆ 'ಸೇವಾ'ದ ಶ್ರಮವೂ ಇದೆ. ಆದರೆ ನಮ್ಮ ಭಾರತ ಇನ್ನೂ ಅದಕ್ಕೆ ಅನುಮೋದನೆ ನೀಡಿಲ್ಲ. ಇಳಾ ಭಟ್ 2022ರಲ್ಲಿ ತೀರಿಕೊಂಡರು.

ಇನ್ನು ನನ್ನ ಅಮ್ಮನ ವಿಷಯ. 1966ರಲ್ಲೇ ಬಂದ ಬೀಡಿ ಕಾರ್ಮಿಕರ ಕಾನೂನು, ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದೇ ಪರಿಗಣಿಸಿತ್ತು. ಅಂದರೆ, ನಾನು ಹುಟ್ಟುವುದಕ್ಕೂ ಮೊದಲೇ ಕಾನೂನಿನ ಕಣ್ಣಿಗೆ ಅವಳು ಕಾರ್ಮಿಕಳು. ಸ್ವಂತ ಮಗಳು ಮಾತ್ರ 'ಇಲ್ಲ' ಎಂದು ಬರೆದಳು. ಅಮ್ಮ ಈಗಿಲ್ಲ. ಆ ಅರ್ಜಿಯನ್ನು ತಿದ್ದುವಂತೆಯೂ ಇಲ್ಲ.

ನೀವು ಮುಂಬಯಿಯಲ್ಲಿ ಬೆಳೆದವರು. ಸ್ಟೇಷನ್ ಹೊರಗೆ ಸೊಪ್ಪು ಮಾರುವ ಮೌಶಿ, ಮನೆಗೆ ಬರುವ ಕೆಲಸದ ಬಾಯಿ, ಪಕ್ಕದ ಚಾಳಿನಲ್ಲಿ ಸೀರೆಗೆ ಫಾಲ್ ಹಚ್ಚುವಾಕೆ, ಇವರನ್ನು ದಿನವೂ ಕಾಣುತ್ತೀರಿ. ಇವರೂ ಕಾರ್ಮಿಕರೇ. ಮುಂದಿನ ರಜೆಗೆ ಊರಿಗೆ ಹೋದಾಗ ನಿಮ್ಮ ಅಜ್ಜಿಯ ಬಳಿ ಕುಳಿತು, ಕನ್ನಡವೋ ತುಳುವೋ, ಬಂದಷ್ಟರಲ್ಲಿ ಕೇಳಿ: ನೀವು ಏನು ಕೆಲಸ ಮಾಡುತ್ತಿದ್ದಿರಿ? ಕೂಲಿ ಯಾರು ಕೊಡುತ್ತಿದ್ದರು? ಸರಿಯಾಗಿ ಕೊಡುತ್ತಿದ್ದರೇ? ಅವರು ಹೇಳಿದ್ದನ್ನು ಬರೆದು ನಮ್ಮ ಪತ್ರಿಕೆಗೆ ಕಳುಹಿಸಿ. ತಪ್ಪುಗಳಿದ್ದರೆ ತಿದ್ದಿಕೊಡಲು ನಾನಿದ್ದೇನೆ.