ಅಳತೆ ಪುಸ್ತಕದ ಹಿಂಬದಿಯಲ್ಲೊಂದು ಲೀಗು

ಪುಸ್ತಕವನ್ನು ಮುಂದಿನಿಂದ ತೆರೆದರೆ ಎದೆ 36, ಸೊಂಟ 32, ತೋಳು 23. ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ಚರ್ಚಿಲ್ ಬ್ರದರ್ಸ್ 40, ಇಂಟರ್ ಕಾಶಿ 39, ರಿಯಲ್ ಕಾಶ್ಮೀರ 37, ಗೋಕುಲಂ ಕೇರಳ 37. ಎರಡೂ ಕಡೆ ಒಂದೇ ಕೈಬರಹ, ಒಂದೇ ನೀಲಿ ಪೆನ್ನು. ನಡುವೆ ಎಲ್ಲೋ ಪ್ಯಾಂಟೂ ಫುಟ್‌ಬಾಲೂ ಎದುರುಬದುರಾದಾಗ ಹೊಸ ಪುಸ್ತಕ ಬರುತ್ತದೆ. ಹೀಗೆ ತುಂಬಿದ ಪುಸ್ತಕಗಳು ಅಂಗಡಿಯ ಹಲಗೆಯ ಮೇಲೆ ಸಾಲಾಗಿ ನಿಂತಿವೆ.

ಗೋವಾದ ಸತ್ತರಿ ತಾಲ್ಲೂಕಿನ ವಾಳಪೈಯಲ್ಲಿ ಎರಡು ಹೊಲಿಗೆ ಮಷೀನು ಹಿಡಿಯುವಷ್ಟೇ ಜಾಗದ ಅಂಗಡಿ ಅದು. ನಾನು ಹೋಗಿದ್ದು ಕರ್ನಾಟಕ, ಗೋವಾ ನಡುವಿನ ಮಹದಾಯಿ ನದಿನೀರಿನ ಜಗಳದ ಬಗ್ಗೆ ಬರೆಯಲು. ಶ್ರಾವಣದ ಮಳೆ, ಹೆಗಲ ಚೀಲದ ಪಟ್ಟಿ ಕಿತ್ತು ಕೈಗೆ ಬಂತು. ಕನ್ನಡದಲ್ಲಿ ಗೊಣಗಿಕೊಂಡೆ. ಒಳಗಿನಿಂದ ಕನ್ನಡದಲ್ಲೇ ಉತ್ತರ ಬಂತು: ‘ಒಳಗ ಬರ್ರಿ, ಎರಡು ಹೊಲಿಗಿ ಹಾಕಿದ್ರ ಆತು.’ ಎಪ್ಪತ್ತರ ಆಸುಪಾಸಿನ ಯಜಮಾನರು, ಖಾನಾಪುರ ಕಡೆಯವರು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಹರೆಯದಲ್ಲಿ ಬಂದವರು ಇಲ್ಲೇ ನಿಂತರು. ಹೆಸರು ಬೇಡ ಅಂದರು. ಊರವರಿಗೆ ಅವರು ಟೇಲರ್ ಕಾಕಾ. ನನಗೂ ಹಾಗೇ ಆದರು. ಮಹದಾಯಿ ಲೇಖನ ಇನ್ನೂ ಬರೆದಿಲ್ಲ.

ಕೊಂಕಣಿ, ಮರಾಠಿ ಎರಡೂ ಕಾಕಾನ ನಾಲಿಗೆಯ ಮೇಲೆ ಸಲೀಸಾಗಿ ಓಡುತ್ತವೆ. ಲೆಕ್ಕ ಮಾತ್ರ ಕನ್ನಡದಲ್ಲಿ. ತಂಡಗಳ ಹೆಸರು ಕನ್ನಡದಲ್ಲಿ, ಅಂಕಿಗಳೂ ಕನ್ನಡದವೇ. ಮೊದಲು ರೇಡಿಯೊ ಕೇಳಿ, ಮರಾಠಿ ಪೇಪರು ನೋಡಿ ಬರೆಯುತ್ತಿದ್ದರಂತೆ. ಈಗ ಮೊಮ್ಮಗ ಮೊಬೈಲ್ ನೋಡಿ ಹೇಳುತ್ತಾನೆ. ಗೋವಾದ ತಂಡಗಳ ಕೆಳಗೆ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನ ಗೆರೆ, ಬೆಂಗಳೂರಿನ ತಂಡಕ್ಕೆ ಕೆಂಪು ಚಾಕು. ಚಾಕಿನ ಗೆರೆ ವರ್ಷ ಕಳೆದಂತೆ ಮಾಸುತ್ತದೆ. ‘ಅಳಿಸಲಿ ಬಿಡ್ರಿ. ತಂಡಗಳೇನು ಉಳೀತಾವು?’

2024-25ರ ಪುಟಕ್ಕೆ ನಾನು ಅಂಟಿಕೊಂಡು ಕೂತೆ. ಐ-ಲೀಗ್ ಆಗ ನಮ್ಮ ದೇಶದ ಎರಡನೇ ದರ್ಜೆಯ ಲೀಗು. ಮೇಲೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಇತ್ತು, ಟೀವಿಯ ಬೆಳಕೆಲ್ಲ ಅದಕ್ಕೇ. ಆ ವರ್ಷ ಐ-ಲೀಗಿನಲ್ಲಿ 12 ತಂಡಗಳು, ತಲಾ 22 ಪಂದ್ಯ. 2024ರ ನವೆಂಬರ್ 22ರಿಂದ 2025ರ ಏಪ್ರಿಲ್ 6ರವರೆಗೆ. ಗೋವಾದಿಂದ ಎರಡು ತಂಡ: ಚರ್ಚಿಲ್ ಬ್ರದರ್ಸ್, ದೆಂಪೊ. ನಮ್ಮ ಕಡೆಯಿಂದ ಒಂದು: ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. ಈ ಬೆಂಗಳೂರು ತಂಡ ಹಿಂದಿನ ವರ್ಷವಷ್ಟೇ ಕೆಳಗಿನ ಐ-ಲೀಗ್ 2 ಗೆದ್ದು ಮೇಲೆ ಬಂದಿತ್ತು. ಎರಡನೇ ಸ್ಥಾನದಲ್ಲಿ ಬಂದ ದೆಂಪೊ ಕೂಡ ಅದರ ಜೊತೆಗೇ ಏರಿತ್ತು. ಕಾಕಾನ ಪುಸ್ತಕದಲ್ಲಿ ಎರಡಕ್ಕೂ ಒಂದೇ ಬ್ರಾಕೆಟ್ಟು, ಪಕ್ಕದಲ್ಲಿ ‘ಒಂದ ಬಸ್ಸಿನ್ಯಾಗ ಬಂದವರು’ ಎಂಬ ಷರಾ. ಇಳಿದಿದ್ದು ಮಾತ್ರ ಒಬ್ಬರೇ. ಬೆಂಗಳೂರು ಒಂದೇ ವರ್ಷಕ್ಕೆ ಹಿಂಬಡ್ತಿ ಪಡೆದು ಕೆಳಗಿಳಿಯಿತು, ದೆಂಪೊ ಉಳಿಯಿತು.

ಕೊನೆಯ ದಿನ, ಏಪ್ರಿಲ್ 6. ಚರ್ಚಿಲ್ ಬಳಿ 39 ಅಂಕ, ಎದುರಾಳಿ ಶ್ರೀನಗರದಲ್ಲಿ ರಿಯಲ್ ಕಾಶ್ಮೀರ. ಗೋಕುಲಂ ಬಳಿ 37, ಇಂಟರ್ ಕಾಶಿ ಬಳಿ 36. ಮೂರು ಊರುಗಳಲ್ಲಿ ಒಟ್ಟಿಗೆ ಪಂದ್ಯ. ಶ್ರೀನಗರದಲ್ಲಿ 1-1 ಡ್ರಾ. ಕೋಯಿಕ್ಕೋಡಿನಲ್ಲಿ ಗೋಕುಲಂ ತವರಿನಲ್ಲೇ ದೆಂಪೊಗೆ 3-4ರಿಂದ ಸೋತಿತು. ಗೋವಾದ ಒಂದು ತಂಡಕ್ಕೆ ಗೋವಾದ ಇನ್ನೊಂದು ತಂಡ ಹೀಗೆ ದೂರದ ಮಲಬಾರಿನಿಂದ ಕೈಜೋಡಿಸಿತು. ಅತ್ತ ಕಲ್ಯಾಣಿಯಲ್ಲಿ ಇಂಟರ್ ಕಾಶಿ ರಾಜಸ್ಥಾನ್ ಯುನೈಟೆಡನ್ನು 3-1ರಿಂದ ಸೋಲಿಸಿತು. (ಕಾಶಿಯ ಹೆಸರಿನ ತಂಡ ತವರು ಪಂದ್ಯ ಆಡಿದ್ದು ಬಂಗಾಳದಲ್ಲಿ. ಇದೂ ಎರಡನೇ ದರ್ಜೆಯ ಒಂದು ಲಕ್ಷಣ.) ಚರ್ಚಿಲ್ 40, ಕಾಶಿ 39. ಕಾಕಾ ಬರೆದರು, ನೀಲಿ ಗೆರೆ ಎಳೆದರು.

ಆದರೆ ಜನವರಿ 13ರ ಒಂದು ಪಂದ್ಯ ಇನ್ನೂ ಮುಗಿದಿರಲಿಲ್ಲ. ಅಂದು ಪಂಜಾಬಿನ ನಾಮಧಾರಿ ತಂಡ ಇಂಟರ್ ಕಾಶಿಯನ್ನು 2-0ರಿಂದ ಸೋಲಿಸಿತ್ತು. ಆಡಲು ಅರ್ಹನಲ್ಲದ ಆಟಗಾರನನ್ನು ಇಳಿಸಿದ್ದಾರೆಂದು ಕಾಶಿಯವರು ದೂರು ಕೊಟ್ಟರು. ಭಾರತೀಯ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಅವರಿಗೆ ಮೂರು ಅಂಕ ಕೊಟ್ಟಿತು, ಮೇಲ್ಮನವಿ ಸಮಿತಿ ಅದನ್ನು ಕಿತ್ತುಕೊಂಡಿತು. ಏಪ್ರಿಲ್‌ನಲ್ಲಿ ಚರ್ಚಿಲ್ ಚಾಂಪಿಯನ್ ಎಂದು ಘೋಷಣೆಯಾಯಿತು. ಕಾಶಿಯವರು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಹೋದರು. ಜೂನ್‌ನಲ್ಲಿ ನಾಮಧಾರಿ ಪಂದ್ಯದ ವ್ಯಾಜ್ಯ ಅವರ ಪರವಾಯಿತು. ಕಾಶಿಯೇ ತನ್ನೊಬ್ಬ ಸ್ಪೇನ್ ಆಟಗಾರನನ್ನು ಮರುನೋಂದಣಿ ಮಾಡಿಕೊಂಡಿದ್ದರ ವಿರುದ್ಧ ಎದ್ದಿದ್ದ ಇನ್ನೊಂದು ವ್ಯಾಜ್ಯವೂ ಜುಲೈ 18ರಂದು ಅವರ ಪರವೇ ಬಂತು. ಕಾಶಿ 42, ಚರ್ಚಿಲ್ 40. ಚಾಂಪಿಯನ್ ಬದಲು, ಐಎಸ್‌ಎಲ್‌ಗೆ ಬಡ್ತಿಯೂ ಬದಲು.

ಈ ಪುಟದಲ್ಲಿ ಮೇಲಿನ ಪಟ್ಟಿಗೆ ಒಂದು ಅಡ್ಡಗೆರೆ, ಕೆಳಗೆ ಎರಡು ಬೆರಳು ಖಾಲಿ ಬಿಟ್ಟ ಜಾಗದಲ್ಲಿ ಹೊಸ ಪಟ್ಟಿ. ಆ ಖಾಲಿ ಜಾಗ ಮುಂಚೆಯೇ ಇತ್ತೇ ಎಂದು ಕೇಳಿದೆ. ಪ್ರತಿ ವರ್ಷದ ಪುಟದಲ್ಲೂ ಇದೆಯಂತೆ. ಕಾಕಾ ಪಕ್ಕದ ಯೂನಿಫಾರ್ಮು ಅಂಗಿಯೊಂದನ್ನು ಒಳಮೈ ಮಾಡಿ ತೋರಿಸಿದರು. ಪಕ್ಕೆಯಲ್ಲಿ, ತೋಳಿನ ತುದಿಯಲ್ಲಿ ಮಡಚಿ ಹೊಲಿದ ಹೆಚ್ಚುವರಿ ಬಟ್ಟೆ. ‘ಹುಡುಗರು ಬೆಳಿತಾವ್ರಿ, ಬಿಚ್ಚಿ ದೊಡ್ಡದು ಮಾಡಾಕ ಒಳಗ ಬಟ್ಟಿ ಬಿಡ್ತೀವಿ. ಇದಕ್ಕೂ ಹಂಗ. ಯಾವಾಗ ಯಾವ ಕಾಗದ ಬರ್ತೈತೋ!’ ತೀರ್ಪು ಸರಿಯೇ ತಪ್ಪೇ ಎಂದು ಕೆದಕಿದೆ. ‘ಮಹದಾಯಿ ನೀರಿನ ಟ್ರಿಬ್ಯೂನಲ್ ತೀರ್ಪು ಕೊಡಾಕ ಎಂಟು ವರ್ಷ ಹಿಡೀತು, 2010ರಿಂದ 2018. ನಾ ಆ ಕಡೆಯವ, ಉಣ್ಣೂದು ಈ ಕಡೆ. ತೀರ್ಪಿನ ಮ್ಯಾಲೆ ಮಾತಾಡೂದು ಅವಾಗ ಬಿಟ್ಟೀನ್ರಿ.’

ಲೀಗಿನ ಹಣೆಬರಹ ಕೋರ್ಟಿನಲ್ಲಿ ಬದಲಾಗುವುದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ನೆದರ್ಲೆಂಡ್ಸ್‌ನ ಎರಡನೇ ದರ್ಜೆಯ ಲೀಗು 1956ರಿಂದ ನಡೆಯುತ್ತಿದೆ, 20 ತಂಡಗಳು, ಹೆಚ್ಚಿನ ಪಂದ್ಯಗಳು ಶುಕ್ರವಾರ ರಾತ್ರಿ. ಅಡುಗೆಮನೆ ಕಟ್ಟಿಕೊಡುವ ಕಂಪನಿಯೊಂದು ಅದರ ಪ್ರಾಯೋಜಕ; ಲೀಗಿನ ಹೆಸರಿನಲ್ಲೇ ಅಡುಗೆಮನೆ ಇದೆ. ಅಲ್ಲೂ ಅದೇ 2024-25ರಲ್ಲಿ ಟೆಲ್‌ಸ್ಟಾರ್ ಎಂಬ ಸಣ್ಣ ಕ್ಲಬ್ಬು 1978ರ ನಂತರ ಮೊದಲ ಸಲ ಮೇಲಿನ ದರ್ಜೆಗೆ ಏರಿ ಊರೆಲ್ಲ ಕುಣಿಯಿತು. ಇತ್ತ ಆರ್ನೆಮ್‌ನ ಹಳೆಯ ಕ್ಲಬ್ಬು ವಿಟೆಸ್ ಅಂಕ ಕಡಿತದ ಮೇಲೆ ಕಡಿತ ಅನುಭವಿಸಿ ತಳದಲ್ಲಿ ಮುಗಿಸಿತು, ಜುಲೈನಲ್ಲಿ ಪರವಾನಗಿಯನ್ನೇ ಕಳೆದುಕೊಂಡಿತು, ಸೆಪ್ಟೆಂಬರ್‌ನಲ್ಲಿ ಕೋರ್ಟಿನಿಂದ ಅದನ್ನು ಮರಳಿ ಪಡೆಯಿತು. ಕಾಕಾನಿಗೆ ಇದನ್ನು ಹೇಳಿದ್ದರೆ ಆ ಕ್ಲಬ್ಬಿಗೂ ಎರಡು ಬೆರಳು ಜಾಗ ಬಿಡುತ್ತಿದ್ದರೇನೋ.

ಗೋವಾ ಫುಟ್‌ಬಾಲಿನ ಚರಿತ್ರೆ ಕಾಕಾನ ಬಾಯಲ್ಲಿ ಐದು ನಿಮಿಷದ್ದು. 1883ರಲ್ಲಿ ಶಿವೋಲಿಗೆ ಬಂದ ಐರಿಷ್ ಪಾದ್ರಿ ವಿಲಿಯಂ ಲಯನ್ಸ್ ಚೆಂಡು ತಂದರು. ಪೋರ್ಚುಗೀಸರು ಹೋಗುವ ಮುಂಚೆ, 1959ರಲ್ಲಿ, ಗೋವಾದ ಫುಟ್‌ಬಾಲ್ ಸಂಘ ಹುಟ್ಟಿತು. ಗಣಿಯ ಧಣಿಗಳೂ ತಂಡ ಕಟ್ಟಿದರು: ಸಾಲಗಾಂವಕರ್, ದೆಂಪೊ. ‘ದೆಂಪೊ ಅಂದ್ರ ಮೂಲದಾಗ ನಮ್ಮ ಬಾಜೂದ ದಿಚೋಲಿ ಕ್ಲಬ್ಬರಿ’ ಎನ್ನುವಾಗ ಮಾತ್ರ ಅವರ ಧ್ವನಿ ಏರುತ್ತದೆ. ಸತ್ತರಿಯವರ ಬಳಿ ಹೆಮ್ಮೆಪಡಲು ಇಂಥ ಒಂದೆರಡು ವಿಷಯವಷ್ಟೇ ಇರುವುದು. ಗೋವಾದ ಫುಟ್‌ಬಾಲ್ ಅಂದರೆ ದಕ್ಷಿಣದ ಸಾಷ್ಟಿ ತಾಲ್ಲೂಕು, ಚರ್ಚಿನ ಮುಂದಿನ ಬಯಲು. ಕಾಡು, ಕುಳಾಗರ ಎನ್ನುವ ಅಡಿಕೆ ತೋಟಗಳ ಸತ್ತರಿಯಲ್ಲಿ ಕಬಡ್ಡಿ, ಕ್ರಿಕೆಟ್ಟಿನದೇ ಜೋರು. ಸಾಖಳಿಯಲ್ಲಿ ಗಣಿ ಕಂಪನಿ 1999ರಲ್ಲಿ ಆರಂಭಿಸಿದ ಸೇಸಾ ಫುಟ್‌ಬಾಲ್ ಅಕಾಡೆಮಿ ಇದೆ. ಅದನ್ನು ಬಿಟ್ಟರೆ ಊರೂರಿನ ಮೈದಾನಗಳು, ಮಳೆ ನಿಂತ ಮೇಲಿನ ಟೂರ್ನಮೆಂಟುಗಳು.

ಕಾಕಾ ಫುಟ್‌ಬಾಲಿಗೆ ಬಂದಿದ್ದೂ ಆ ಟೂರ್ನಮೆಂಟುಗಳ ದಾರಿಯಲ್ಲೇ. ಹುಡುಗರು ಒಂದೇ ಬಣ್ಣದ ಬನಿಯನ್ನುಗಳ ಗಂಟು ತಂದು ಹಾಕುವರು, ಬೆನ್ನಿಗೆ ನಂಬರು ಹೊಲಿಯಬೇಕು. ಅದರ ವಿಧಾನವನ್ನು ಅವರು ಮಾಡಿ ತೋರಿಸಿದರು. ರಟ್ಟಿನಲ್ಲಿ ಕತ್ತರಿಸಿದ ಅಂಕಿಗಳ ಅಚ್ಚು, ದಾರ ಪೋಣಿಸಿ ಮೊಳೆಗೆ ತೂಗುಹಾಕಿದ್ದು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿ, ಆದರೆ ಅಚ್ಚು ಒಂಬತ್ತೇ. 6ನ್ನು ತಿರುವಿದರೆ 9. ಬಿಳಿ ಬಟ್ಟೆಯ ಮೇಲೆ ಅಚ್ಚಿಟ್ಟು ಚಾಕು ಎಳೆದು, ಅಂಚು ಮಡಚಲು ಸ್ವಲ್ಪ ಬಿಟ್ಟು ಕತ್ತರಿಸಬೇಕು. ಬೆನ್ನಿನ ಮಧ್ಯ ಹಿಡಿದು ಕೈಹೊಲಿಗೆಯಲ್ಲಿ ಮೊದಲು ನಿಲ್ಲಿಸಬೇಕು, ಬನಿಯನ್ನು ಎಳೆದಂತೆ ಹಿಗ್ಗುತ್ತದಲ್ಲ. ಆಮೇಲೆ ಮಷೀನು. ಎಲ್ಲಕ್ಕಿಂತ ಸುಲಭ 11, ಎರಡು ಕೋಲು ನಿಲ್ಲಿಸಿದರೆ ಮುಗಿಯಿತು. ಎಲ್ಲಕ್ಕಿಂತ ಕಷ್ಟ 8. ಒಳಗಿನ ಎರಡು ತೂತುಗಳ ಅಂಚನ್ನು ಮಡಚುವಾಗ ಬಟ್ಟೆ ಮೂತಿ ತಿರುವುತ್ತದೆ. ‘ಎಂಟು ನಂಬರಿನವ ಚಲೋ ಆಡಲಿಲ್ಲಂದ್ರ ನನಗ ಭಾಳ ಸಿಟ್ಟು ಬರ್ತಿತ್ತು’ ಎಂದು ನಕ್ಕರು. ತಾನು ಹೊಲಿದ ಎಂಟು ಹೇಗೆ ಆಡಿತೆಂದು ನೋಡಲು ಮೈದಾನಕ್ಕೆ ಹೋದವರು, ಆಮೇಲೆ ಅಂಕ ಬರೆಯತೊಡಗಿದರು.

ಆ ಅಂಕಪಟ್ಟಿಗಳಲ್ಲಿ ಗೋವಾದ ಏರಿಳಿತವೆಲ್ಲ ಇದೆ. 2006-07ರಿಂದ 2012-13ರವರೆಗೆ ಸತತ ಏಳು ವರ್ಷ ದೇಶದ ಲೀಗು ಗೋವಾದ ಮನೆಯಲ್ಲೇ: ದೆಂಪೊ ನಾಲ್ಕು ಸಲ, ಚರ್ಚಿಲ್ ಎರಡು, ಸಾಲಗಾಂವಕರ್ ಒಂದು. ಆ ಓಟ ಮುರಿದಿದ್ದು ಬೆಂಗಳೂರು ಎಫ್‌ಸಿ, 2013-14ರಲ್ಲಿ, ತನ್ನ ಮೊದಲ ವರ್ಷದಲ್ಲೇ. ಆ ಪುಟದಲ್ಲಿ ನೀಲಿ, ಕೆಂಪು ಎರಡೂ ಚಾಕು ಒಂದರ ಮೇಲೊಂದು ಬಿದ್ದು ನೇರಳೆಯಾಗಿದೆ. ಯಾರ ಕಡೆ ಇದ್ದಿರಿ ಎಂದರೆ ಕಾಕಾ ಸೂಜಿಗೆ ದಾರ ಪೋಣಿಸುತ್ತಾರೆ.

ಅಷ್ಟರಲ್ಲಿ ತಂಡ ಕಟ್ಟಿದ್ದ ಧಣಿಗಳ ಗಣಿಗಳು 2012ರಲ್ಲಿ ನಿಂತವು, ಮತ್ತೆ ತೆರೆದವು, 2018ರಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆ ರದ್ದು ಮಾಡಿದಾಗ ಮತ್ತೆ ನಿಂತವು. ಐಎಸ್‌ಎಲ್ 2014ರಲ್ಲಿ ಬಂತು. ಹಳೆಯ ಲೀಗನ್ನು ಕೆಳಕ್ಕೆ ತಳ್ಳುವ ಯೋಜನೆಯನ್ನು ವಿರೋಧಿಸಿ 2016ರಲ್ಲಿ ಸಾಲಗಾಂವಕರ್, ಸ್ಪೋರ್ಟಿಂಗ್ ಗೋವಾ, ದೆಂಪೊ ಐ-ಲೀಗ್ ಬಿಟ್ಟವು. ಕೆಲವು ವರ್ಷ ಕಾಕಾನ ಪುಟಗಳಲ್ಲಿ ನೀಲಿ ಗೆರೆ ಒಂದೇ ಒಂದು. ಐದು ಸಲ ದೇಶ ಗೆದ್ದ ದೆಂಪೊ ಮತ್ತೆ ಕಾಣಿಸಿಕೊಂಡಿದ್ದು ಕೆಳಗಿನ ಮೆಟ್ಟಿಲಿನಿಂದ ಹತ್ತಿಕೊಂಡು. ಹಳೆಯ ಕ್ಲಬ್ಬುಗಳು ತಾವೇ ದುಡುಕಿದವು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅರ್ಧ ಶತಮಾನ ಆಡಿದವರಿಗೆ ಇನ್ನು ನಿಮ್ಮದು ಎರಡನೇ ಪಂಕ್ತಿ ಎಂದರೆ, ಊಟ ಬಿಟ್ಟು ಎದ್ದವರದು ತಪ್ಪೇ?

ಕಾಕಾ ಮಡಗಾಂವ್ ಕಡೆ ಪಂದ್ಯ ನೋಡಲು ಹೋಗುವುದು ನಿಂತಿದೆ. ಫೋಂಡಾದಲ್ಲಿ ಬಸ್ಸು ಬದಲಿಸಬೇಕು, ಮೊಣಕಾಲು ಒಪ್ಪುವುದಿಲ್ಲ. ಜೆರ್ಸಿಗಳು ಈಗ ನಂಬರು ಅಚ್ಚಾಗಿಯೇ ಬರುತ್ತವೆ, ಹೆಸರಿನ ಸಮೇತ. ರಟ್ಟಿನ ಅಚ್ಚುಗಳ ಮೇಲೆ ಧೂಳು ಕೂತಿದೆ. ಅವನ್ನು ಇಳಿಸಿದ್ದು ನನಗೆ ತೋರಿಸಲೆಂದು ಮಾತ್ರ.

ಪುಸ್ತಕಗಳಲ್ಲಿ ಒಂದು ಕೊರತೆ ಇದೆ. ರಾಷ್ಟ್ರೀಯ ಲೀಗು ಶುರುವಾದ 1996-97ರ ಪುಟ, ಫಗ್ವಾಡದ ಜೆಸಿಟಿ ಗೆದ್ದ ವರ್ಷದ್ದು, ಒಂದು ಮಳೆಗಾಲ ಸೋರಿಕೆಗೆ ಸಿಕ್ಕಿ ಮುದ್ದೆಯಾಯಿತು. ಮೊಬೈಲಿನಲ್ಲಿ ಹುಡುಕಿ ಕೊಡುತ್ತೇನೆ ಎಂದೆ. ಬೇಡ ಅಂದರು, ಆ ದಿನದ ಪೇಪರಿನಲ್ಲಿ ಬಂದದ್ದೇ ಬೇಕಂತೆ, ನೋಡಿ ತಾವೇ ಬರೆದುಕೊಳ್ಳುತ್ತಾರೆ. ಹಳೆಯ ಪೇಪರಿನ ಕ್ರೀಡಾಪುಟ ಕತ್ತರಿಸಿ ಇಟ್ಟವರು ಓದುಗರಲ್ಲಿ ಯಾರಾದರೂ ಇದ್ದರೆ, ಮುಂದಿನ ಸಲ ಚೋರ್ಲಾ ಇಳಿದು ಸಮುದ್ರಕ್ಕೆ ಹೋಗುವಾಗ ದಾರಿ ಸ್ವಲ್ಪ ತಿರುಗಿಸಿ ವಾಳಪೈಗೆ ಬನ್ನಿ. ಕನ್ನಡದ ಟೇಲರ್ ಎಂದರೆ ಪೇಟೆಯಲ್ಲಿ ತೋರಿಸುತ್ತಾರೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ.