ಸ್ಯಾಂಡಿಯ ಪಕ್ಷಿಧಾಮ: ಒಂದು ಬಯಲಿನ ಚರಿತ್ರೆ

ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರಿನಲ್ಲಿ ಸ್ಯಾಂಡಿ ಎಂಬ ಊರಿನ ಹೊರವಲಯದಲ್ಲಿ ‘ದಿ ಲಾಡ್ಜ್’ ಎಂಬ ಹಳೆಯ ಜಮೀನ್ದಾರಿ ಬಂಗಲೆಯಿದೆ. ಅದರ ಸುತ್ತಲಿನ ಬಯಲೂ ಕಾಡೂ ಈಗ ಪಕ್ಷಿಧಾಮವಾಗಿವೆ. ಪಕ್ಷಿಗಳ ರಕ್ಷಣೆಗೆಂದೇ ಮೀಸಲಾದ ಈ ನೆಲದಲ್ಲಿ ಬೆಳೆದು ನಿಂತ ಪೈನ್ ಮರಗಳನ್ನು ಬುದ್ಧಿಪೂರ್ವಕವಾಗಿ ಕಡಿಸಿದರೆಂದು ಕೇಳಿದ ವಿದ್ಯಾರ್ಥಿಗೆ ಆಶ್ಚರ್ಯವಾಗದಿರದು. ಇದಕ್ಕೆ ಉತ್ತರವನ್ನು ಜೀವಶಾಸ್ತ್ರದಲ್ಲಿ ಮಾತ್ರ ಅರಸಿದರೆ ಸಾಲದು. ಅದು ಆ ಭೂಮಿಯ ಚರಿತ್ರೆಯಲ್ಲಿಯೂ ಇದೆಯೆಂಬುದು ನಮ್ಮ ಅಭಿಪ್ರಾಯ.

‘ಹೀತ್’ ಎಂಬುದಕ್ಕೆ ಕನ್ನಡದಲ್ಲಿ ಸರಿಸಮನಾದ ಪದವಿಲ್ಲ. ಸಾರವಿಲ್ಲದ, ಆಮ್ಲಗುಣದ ಮರಳುನೆಲದಲ್ಲಿ ಹೆದರ್ ಎಂಬ ನೇರಿಳೆ ಹೂವಿನ ಕುರುಚಲು ಗಿಡ ಹಬ್ಬಿದ ಬಯಲನ್ನು ಹಾಗೆ ಕರೆಯುವರು. ನೋಡುವವರಿಗೆ ಅದು ಮನುಷ್ಯರ ಕೈ ಸೋಕದ ಬಂಜರಿನಂತೆ ತೋರುತ್ತದೆ. ವಾಸ್ತವವಾಗಿ ಅದು ಮನುಷ್ಯರ ದುಡಿಮೆಯಿಂದಾದುದು. ಪ್ರಾಚೀನ ಕಾಲದಲ್ಲಿ ಕಾಡನ್ನು ಸವರಿದ ತರುವಾಯ ಹಳ್ಳಿಗರು ಶತಮಾನಗಳವರೆಗೆ ಇಂತಹ ಬಯಲುಗಳಲ್ಲಿ ಕುರಿ ದನಗಳನ್ನು ಮೇಯಿಸಿದರು. ಉರುವಲಿಗೂ ಕೊಟ್ಟಿಗೆಯ ಹಾಸಿಗೂ ಗಿಡಗಂಟಿಗಳನ್ನು ಕೊಯ್ದರು. ಆದುದರಿಂದಲೇ ಮರಗಳು ತಲೆಯೆತ್ತಲಿಲ್ಲ. ಮೇಯಿಸುವುದು ನಿಂತಿತೆಂದರೆ ಬರ್ಚ್, ಪೈನ್ ಸಸಿಗಳು ಎದ್ದು ಕೆಲವೇ ದಶಕಗಳಲ್ಲಿ ಬಯಲು ಕಾಡಾಗುತ್ತದೆ. ಉಳುಮೆಯೂ ನೆಡುತೋಪುಗಳೂ ಸೇರಿ, 1800ರಿಂದೀಚೆಗೆ ಬ್ರಿಟನ್ನಿನ ತಗ್ಗುನಾಡಿನ ಹೀತ್ ಐದರಲ್ಲಿ ನಾಲ್ಕು ಪಾಲಿಗೂ ಮಿಗಿಲಾಗಿ ಅಳಿದಿದೆ.

ಸ್ಯಾಂಡಿಯಲ್ಲಿ ಮನುಷ್ಯರ ಕುರುಹು ಬಹು ಹಳೆಯದು. ಧಾಮದೊಳಗಿನ ಗ್ಯಾಲಿ ಗುಡ್ಡದ ಮೇಲೆ ಕಬ್ಬಿಣಯುಗದ ಕೋಟೆಯ ಮಣ್ಣಿನ ದಿಬ್ಬಗಳನ್ನು ಇಂದಿಗೂ ಕಾಣಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಆಸ್ತಿ ಪ್ರಧಾನಮಂತ್ರಿ ರಾಬರ್ಟ್ ಪೀಲನ ಮಗನಾದ ಕ್ಯಾಪ್ಟನ್ ವಿಲಿಯಂ ಪೀಲನದಾಗಿತ್ತು. ಆತನು ಸ್ಯಾಂಡಿಯಿಂದ ಪಾಟನ್ನಿಗೆ ಸ್ವಂತ ರೈಲುಮಾರ್ಗವನ್ನು ಹಾಕಿಸಿದನು. ಅದು 1857ರಲ್ಲಿ ಆರಂಭವಾದಾಗ ಆತನು ಅಲ್ಲಿರಲಿಲ್ಲ. ‘ಷ್ಯಾನನ್’ ಎಂಬ ಯುದ್ಧನೌಕೆಯ ನಾಯಕನಾಗಿದ್ದನು. ಅದೇ ವರ್ಷ ಆ ನೌಕೆಯ ತೋಪುಗಳನ್ನು ಕಲ್ಕತ್ತೆಯಿಂದ ಒಳನಾಡಿಗೆ ಸಾಗಿಸಿ ಲಕ್ನೋವಿನ ಯುದ್ಧದಲ್ಲಿ ಬಳಸಿದನು. 1858ರ ಏಪ್ರಿಲಿನಲ್ಲಿ ಕಾನ್ಪುರದಲ್ಲಿ ಸಿಡುಬಿನಿಂದ ಮಡಿದನು. ಆ ಪುಟ್ಟ ರೈಲಿನ ಎಂಜಿನ್ನಿಗೂ ‘ಷ್ಯಾನನ್’ ಎಂದೇ ಹೆಸರು! ಲಕ್ನೋವಿನ ಜನರು ಆ ಹೆಸರನ್ನು ಬೇರೆ ಬಗೆಯಲ್ಲಿ ನೆನೆದಿರಬೇಕು. ಈಗಿರುವ ಬಂಗಲೆಯನ್ನು 1870ರ ಸುಮಾರಿಗೆ ಕಟ್ಟಿಸಿದವನು ತಮ್ಮನಾದ ಆರ್ಥರ್ ವೆಲ್ಲೆಸ್ಲಿ ಪೀಲ್. ಮುಂದೆ ಕಾಮನ್ಸ್ ಸಭೆಯ ಸ್ಪೀಕರ್ ಆದವನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದ ವೆಲ್ಲೆಸ್ಲಿಯ ಹೆಸರೇ ಈತನದೂ.

ಕಾಲಾನಂತರದಲ್ಲಿ ಆಸ್ತಿ ಪರಭಾರೆಯಾಯಿತು. ಟೋಪಿಗಳ ಅಲಂಕಾರಕ್ಕಾಗಿ ಹಕ್ಕಿಗಳನ್ನು ಕೊಲ್ಲುವುದನ್ನು ಪ್ರತಿಭಟಿಸಿದ ಮಹಿಳೆಯರಿಂದ 1889ರಲ್ಲಿ ಹುಟ್ಟಿದ ರಾಯಲ್ ಪಕ್ಷಿರಕ್ಷಣಾ ಸಂಘವು 1961ರಲ್ಲಿ ತನ್ನ ಕೇಂದ್ರ ಕಾರ್ಯಾಲಯವನ್ನು ಇಲ್ಲಿಗೆ ತಂದಿತು. ಕಾಡು, ಬಯಲು ಎರಡೂ ಇಲ್ಲಿ ಬೇಕಾಗಿವೆ. ಹಸಿರು ಮರಕುಟಿಗವು ಮರದ ಪೊಟರೆಯಲ್ಲಿ ಮರಿ ಮಾಡಿ, ಬಯಲಿನ ನೆಲದಲ್ಲಿ ಇರುವೆಗಳನ್ನು ಹೆಕ್ಕುತ್ತದೆ. ಹೀತನ್ನೇ ನಂಬಿದ ನತ್ತಿಂಗದಂತಹ ಹಕ್ಕಿಗಳಾದರೋ ನೆಲದ ಮೇಲೆಯೇ ಮೊಟ್ಟೆಯಿಡುವುವು. ಒತ್ತಾದ ತೋಪಿನಲ್ಲಿ ಅವಕ್ಕೆ ಎಡೆಯಿಲ್ಲ. ಆದ ಕಾರಣ ತೋಪನ್ನು ಕಡಿದು, ಹೆದರ್ ಗಿಡ ಮತ್ತೆ ಹಬ್ಬುವಂತೆ ಮಾಡಿ, ಹಳ್ಳಿಗರು ಬಿಟ್ಟ ಕೆಲಸವನ್ನು ಸಂಘದವರು ಕೈಗೆತ್ತಿಕೊಂಡರು: ಬರ್ಚ್ ಸಸಿಗಳನ್ನು ಕಿತ್ತು, ಬಯಲಿಗೆ ಮರಳಿ ಕುರಿಗಳನ್ನು ಬಿಟ್ಟರು.