ನಿಂತಿದ್ದ ಕಾರಿಗೆ ಇ-ಸ್ಕೂಟರ್ ಗುದ್ದಿದರೆ ದುಡ್ಡು ಯಾರದು?

ದೀಪಾವಳಿ ರಜೆಗೆ ಅಜ್ಜೀಪುರಕ್ಕೆ ಹೋಗಿದ್ದಾಗ ನನ್ನ ಚಿಕ್ಕಪ್ಪನ ಮಗ ತನ್ನ ಇ-ಸ್ಕೂಟರನ್ನು ರಸ್ತೆ ಬದಿ ನಿಂತಿದ್ದ ಕಾರಿಗೆ ಗುದ್ದಿಸಿಬಿಟ್ಟ. ನೆಂಟರ ಮನೆಗೆ ಬಂದವರ ಕಾರು. ಹಿಂದಿನ ಲೈಟು ಚೂರು, ಬಂಪರ್ ಸೀಳು. ಇವನಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಕಾರಿನವರು 18,000 ರೂಪಾಯಿ ಕೇಳಿದರು. ಚಿಕ್ಕಪ್ಪ, "ಇನ್ಸೂರೆನ್ಸ್ ಇರ್ತದಲ್ಲ, ಬುಡಿ" ಅಂದರು. ಹುಡುಕಿದರೆ ಇನ್ಸೂರೆನ್ಸೇ ಇರಲಿಲ್ಲ! ಎಲೆಕ್ಟ್ರಿಕಲ್ ಓದುವ ನನ್ನ ಮುಖವನ್ನೇ ಎಲ್ಲರೂ ನೋಡಿದರು. ನನಗೂ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೀತಿದ್ದೀನಿ.

ಮೊದಲು ನೋಡಬೇಕಾದ್ದು ಗಾಡಿ ಯಾವ ಜಾತಿಯದು ಅಂತ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗೆ ಇದ್ದರೆ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ. ನಂಬರ್ ಪ್ಲೇಟ್, ಲೈಸೆನ್ಸ್, ವಿಮೆ ಯಾವುದೂ ಕಡ್ಡಾಯವಲ್ಲ. ಹಾಗಂತ ನಷ್ಟ ಕಟ್ಟೋದೂ ಬೇಡ ಅಂತಲ್ಲ. ಅಜಾಗರೂಕತೆಯಿಂದ ಹಾಳುಮಾಡಿದವನು ಕೈಯಿಂದ ಕಟ್ಟಿಕೊಡಬೇಕು. ಒಪ್ಪದಿದ್ದರೆ ಕಾರಿನವರು ಸಿವಿಲ್ ಕೋರ್ಟಿಗೆ ಹೋಗಬಹುದು.

ಅದಕ್ಕಿಂತ ದೊಡ್ಡ ಗಾಡಿಯಾದರೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ದ್ವಿಚಕ್ರ ವಾಹನದ ಪಾಲಿಸಿಯಲ್ಲಿ ಬೇರೆಯವರ ಆಸ್ತಿಗಾದ ನಷ್ಟಕ್ಕೆ ಸಾಮಾನ್ಯವಾಗಿ 1 ಲಕ್ಷದವರೆಗೆ ರಕ್ಷಣೆ ಇರುತ್ತೆ. ಆಗ ಘಟನೆಯನ್ನು 24 ಗಂಟೆಯೊಳಗೆ ಪೊಲೀಸ್ ಠಾಣೆಗೂ, ಜೊತೆಗೆ ವಿಮಾ ಕಂಪನಿಗೂ ತಿಳಿಸಬೇಕು. ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲಕ್ಕೆ 2,000 ದಂಡ ಅಥವಾ 3 ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಇಲ್ಲೇ ನಮ್ಮ ಹಾಸ್ಟೆಲ್ ಹುಡುಗರಿಗೆ ಒಂದು ಮಾತು. ಕಂಟ್ರೋಲರಿನ ಸ್ಪೀಡ್ ಲಿಮಿಟ್ ವೈರ್ ಕಿತ್ತು 45ಕ್ಕೆ ಏರಿಸುವ ಕಲೆ ನಮಗೆಲ್ಲ ಗೊತ್ತು. ಕಿತ್ತ ಕ್ಷಣ ಆ ಗಾಡಿ ವಿನಾಯಿತಿ ಕಳ್ಕೊಳ್ಳುತ್ತೆ, ನೋಂದಣಿ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನವಾಗುತ್ತೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ ಅನ್ನೋದು ಪಿಯುಸಿ ಪಾಠ: 25ರಿಂದ 45ಕ್ಕೆ ಹೋದರೆ ಗುದ್ದಿನ ಶಕ್ತಿ 3.24 ಪಟ್ಟು. ಬಂಪರಿಗೂ ಅಷ್ಟೇ, ಮೊಣಕಾಲಿಗೂ ಅಷ್ಟೇ.

ತಪ್ಪು ಯಾರದು? ನಿಂತಿದ್ದ ಕಾರಿಗೆ ಗುದ್ದಿದರೆ ಹೆಚ್ಚಾಗಿ ಓಡಿಸುತ್ತಿದ್ದವನದೇ. ಆದರೆ ಯಾವಾಗಲೂ ಪೂರ್ತಿ ಅವನದೇ ಅಲ್ಲ. ತಿರುವಿನಲ್ಲಿ, ಕತ್ತಲಲ್ಲಿ ಲೈಟಿಲ್ಲದೆ, ಇತರರಿಗೆ ಅಪಾಯವಾಗುವಂತೆ ವಾಹನ ನಿಲ್ಲಿಸಬಾರದು ಅಂತ ಮೋಟಾರು ವಾಹನ ಕಾಯಿದೆಯ 122ನೇ ಸೆಕ್ಷನ್ ಹೇಳುತ್ತೆ. ಹಾಗೆ ನಿಲ್ಲಿಸಿದ್ದರೆ ಕೋರ್ಟುಗಳು ಅವರ ಪಾಲಿನ ತಪ್ಪನ್ನೂ ಎಣಿಸಿ ಪರಿಹಾರ ಕಡಿಮೆ ಮಾಡ್ತವೆ. ನಮ್ಮ ಕೇಸಿನಲ್ಲಿ ಸಂಜೆ ಆರೂವರೆ, ಕಾರಿನ ಎರಡು ಚಕ್ರ ಟಾರಿನ ಮೇಲಿದ್ದವು, ಲೈಟ್ ಹಾಕಿರಲಿಲ್ಲ. ಕಾರು ಕದಲುವ ಮೊದಲೇ ನಾನು ಫೋಟೋ ತೆಗೆದಿಟ್ಟದ್ದು ಉಪಯೋಗಕ್ಕೆ ಬಂತು. ಜಗಳದಲ್ಲಿ ಯಾರಿಗೂ ಇದು ನೆನಪಾಗಲ್ಲ.

ಇನ್ನು ಮೊತ್ತ. ಪರಿಹಾರ ಅಂದರೆ ಮೊದಲಿದ್ದ ಸ್ಥಿತಿಗೆ ತರುವ ಖರ್ಚು, ಹಳೇ ಕಾರನ್ನು ಹೊಸದು ಮಾಡಿಕೊಡೋದಲ್ಲ. ಬಾಯಿಮಾತಿನ ಲೆಕ್ಕ ಒಪ್ಪದೆ ಗ್ಯಾರೇಜಿನ ಬಿಲ್ ಕೇಳಿ. ಕಾರಿಗೆ ಸಮಗ್ರ ವಿಮೆ ಇದ್ದರೆ ಮಾಲೀಕರು ತಮ್ಮ ಪಾಲಿಸಿಯಲ್ಲೇ ಕ್ಲೇಮ್ ಮಾಡಬಹುದು, ಆದರೆ ನೋ ಕ್ಲೇಮ್ ಬೋನಸ್ ಹೋಗುತ್ತೆ. ಅದು 20ರಿಂದ 50 ಪ್ರತಿಶತದವರೆಗಿನ ರಿಯಾಯಿತಿ, ಅದಕ್ಕೇ ಅವರು ನಗದು ಕೇಳೋದು. ಅದರಲ್ಲಿ ಅನ್ಯಾಯ ಏನಿಲ್ಲ. ಆದರೆ ನಿಮ್ಮಿಂದಲೂ ದುಡ್ಡು, ಕಂಪನಿಯಿಂದಲೂ ದುಡ್ಡು ಆಗಬಾರದು.

ಮಾರನೇ ದಿನ ಕೊಳ್ಳೇಗಾಲದ ಗ್ಯಾರೇಜಿನಲ್ಲಿ ಲೈಟು ಹೊಸದು, ಬಂಪರಿಗೆ ವೆಲ್ಡಿಂಗ್, ಪೇಂಟು ಸೇರಿ 9,400 ಆಯ್ತು. ಫೋಟೋ ನೋಡಿದ ಮೇಲೆ ಕಾರಿನವರೂ ಮೆತ್ತಗಾದರು. ಚಿಕ್ಕಪ್ಪ 7,000 ಕೊಡೋದು, ಉಳಿದದ್ದು ಅವರದು ಅಂತ ತೀರ್ಮಾನವಾಯ್ತು. 4,000 ಆಗಲೇ, 3,000 ರಾಗಿ ಮಾರಿದ ಮೇಲೆ. ದಿನಾಂಕ, ಕಾರಿನ ನಂಬರು, ಮೊತ್ತ ಬರೆದು, ಪೂರ್ತಿ ಸಂದ ಮೇಲೆ ಈ ಘಟನೆಗೆ ಬೇರೆ ಕ್ಲೇಮ್ ಇಲ್ಲ ಅಂತ ಇಬ್ಬರೂ ಸಹಿ ಹಾಕಿದರು. ಸಾಕ್ಷಿ ಸಹಿ ನನ್ನದು.